ನೆಟ್ಟಗೆ ಕೂರುವ ಕೋಟು

ನನ್ನ ಮಗ ಟೈಲರ್. ಬೀದಿ ತಿರುವಿನ ಅಂಗಡಿಯಲ್ಲಿ ಅವನು ಕತ್ತರಿಸಿ ಹೊಲಿದರೆ, ನನ್ನ ಸೊಸೆ ಪಕ್ಕದಲ್ಲಿ ಕೂತು ಕಾಜಾ ಮಾಡಿ ಗುಂಡಿ ಹಾಕುತ್ತಿದ್ದಳು. ಒಂದು ಸಂಜೆ ಸೊಸೆ ಮೊದಲೇ ಮನೆಗೆ ಬಂದಿದ್ದಳು. ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಬರುತ್ತಿದ್ದವನನ್ನು ಹಿಂದಿನಿಂದ ಬಂದ ಕಾರು ಎತ್ತಿ ಒಗೆಯಿತು. ಜೀವ ಉಳಿಯಿತು, ಬೆನ್ನುಹುರಿ ಉಳಿಯಲಿಲ್ಲ. ಎದೆಯಿಂದ ಕೆಳಗೆ ಮೈ ಅವನ ಮಾತು ಕೇಳುವುದನ್ನೇ ಬಿಟ್ಟಿತು. ಕಾಲು ಹೋದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೂರಿಸಿದರೆ ನಡು ನಿಲ್ಲದೆ ಮುಂದಕ್ಕೆ ಕುಸಿಯುತ್ತಾನೆ ಎನ್ನುವುದು ಮನೆಯವರಿಗೆ ಮಾತ್ರ ಗೊತ್ತು.

ಸೊಸೆ ಹಿಡಿಯಷ್ಟಿದ್ದಾಳೆ, ಅವನು ಬಾಗಿಲೆತ್ತರದವನು. ಅವನನ್ನು ಮಗ್ಗುಲಿಗೆ ಹೊರಳಿಸಲು, ಎತ್ತಿ ಗಾಲಿಕುರ್ಚಿಗೆ ಕೂರಿಸಲು ಆಸ್ಪತ್ರೆಯವರೇ ಒಬ್ಬ ಹೆಂಗಸನ್ನು ಗೊತ್ತುಮಾಡಿ ಕಳಿಸಿದರು. ಗಟ್ಟಿ ಮೈಕಟ್ಟು, ನಗುಮುಖ, ಮೊಣಕಾಲಿಗೆ ಬರುವ ಜಡೆ. ಸೊಸೆ ಅವಳಿಗೆ ಅವತ್ತೇ ಉದ್ದಜಡೆ ಎಂದು ಹೆಸರಿಟ್ಟಳು. ಆ ಹೆಸರನ್ನು ಗುಳಿಗೆ ಅಗಿದವಳ ಹಾಗೆ ಹೇಳುತ್ತಿದ್ದಳು.

ಉದ್ದಜಡೆ ಅವನ ಮೈ ಒರೆಸುತ್ತಾ ಏನೋ ಹೇಳುವಳು, ಅವನು ನಗುವನು. ಒಳಗೆ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಸೊಸೆ ನನ್ನ ಹತ್ತಿರ ಬಂದು ಹೊಟ್ಟೆಯುರಿ ಇಳಿಸಿಕೊಳ್ಳುತ್ತಿದ್ದಳು.

"ನಿಮ್ಮ ಮಗ ಮದುವೆಯಾದಾಗಿಂದ ನನ್ನೆದುರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇದ್ರು ಅತ್ತೆ. ಕೇಳಿದ್ದಕ್ಕೆಲ್ಲಾ ಹ್ಞೂಂ, ಹ್ಞೂಂ. ಈಗ ನೋಡಿ, ಇವಳಿಗೆ ಕಥೆ ಹೇಳ್ತಾರೆ."

"ಈಗ ಬಾಯಲ್ಲಿ ಸೂಜಿ ಇಲ್ಲವಲ್ಲೇ," ಎಂದೆ.

"ನೀವೂ ಅವಳ ಕಡೇನೇ. ಬೀದೀಲಿ ಇರೋ ಗಂಡಸರನ್ನೆಲ್ಲಾ ಅಣ್ಣ ಅಂತಾಳೆ. ಇವರನ್ನ ಮಾತ್ರ ಮಾಸ್ಟ್ರೇ ಅಂತಾಳೆ. ಯಾಕಂತೆ?"

ಅಂಗಡಿಗೆ ಬರುತ್ತಿದ್ದವರೆಲ್ಲಾ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಮಲಗಿದ ಮೇಲೂ ಹಾಗೆ ಕರೆದವಳು ಅವಳೊಬ್ಬಳೇ.

ಒಮ್ಮೆ ಉದ್ದಜಡೆ ತವರಿಗೆಂದು ಒಂದು ವಾರ ಹೋದಳು. ಸೊಸೆ ಸೆರಗು ಸಿಕ್ಕಿಸಿ ಎಲ್ಲವನ್ನೂ ತಾನೇ ಮಾಡಿದಳು. ಹೊರಳಿಸಿದಂತೆ ಕಂಡರೂ ಸೊಂಟದ ಕೆಳಗೆ ಒತ್ತು ಬಿದ್ದೇ ಇತ್ತು. ಅಲ್ಲಿ ಹುಣ್ಣಾಯಿತು, ಕೀವಾಯಿತು, ಮತ್ತೆ ಆಸ್ಪತ್ರೆ. ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಕುತ್ತು ಎಂದರು ಡಾಕ್ಟರು. ಉದ್ದಜಡೆಯ ಸಂಬಳಕ್ಕೆ ಅಷ್ಟು ಹೊತ್ತಿಗೆ ಅಂಗಡಿಯ ಒಂದು ಮಿಷನ್ ಹೋಗಿತ್ತು. ಉಳಿದದ್ದು ಒಂದೇ.

ವಿಮಾ ಕಂಪನಿಯ ಮೇಲೆ ಪರಿಹಾರದ ಕೇಸು ಹಾಕಿದ್ದೆವು. ವಿಚಾರಣೆಗೆ ಮುಂಚೆ ವಕೀಲರು ಮನೆಗೆ ಬಂದು, ಸಾಯುವವರೆಗೂ ಸಹಾಯಕಿಯನ್ನು ಇಟ್ಟುಕೊಳ್ಳುವ ಖರ್ಚನ್ನೇ ಮುಖ್ಯವಾಗಿ ಕೇಳಿದ್ದೇನೆ, ಅದು ಸಿಕ್ಕರೆ ನೀವು ಗೆದ್ದ ಹಾಗೆ ಎಂದರು. ಸಾಯುವವರೆಗೂ ಎಂದದ್ದು ಕೇಳಿ ಸೊಸೆಯ ಮುಖ ಕಪ್ಪಿಟ್ಟಿತು. ನಾನಿಲ್ಲವೇ, ಇನ್ನೊಬ್ಬಳು ಯಾಕೆ ಎಂದಳು. ಹೆಂಡತಿ ಮಾಡುವ ಚಾಕರಿಗೆ ಕೋರ್ಟು ದುಡ್ಡು ಕೊಡಿಸುವುದು ಕಷ್ಟ ತಾಯಿ, ಅಲ್ಲಿ ಹೀಗೆ ಹೇಳಬೇಡಿ ಎಂದರು ವಕೀಲರು.

ಅವತ್ತಿನಿಂದ ಅವಳು ಒಂದು ಕೋಟು ಹೊಲಿಯಲು ಕೂತಳು. ಗಂಡ ನಾಲ್ಕು ಜನರ ಮುಂದೆ ಚೆನ್ನಾಗಿ ಕಾಣಲಿ ಎಂದಿರಬೇಕು ಅಂದುಕೊಂಡೆ. ಎದೆಗೂ ಬೆನ್ನಿಗೂ ಕ್ಯಾನ್ವಾಸಿನ ಮೇಲೆ ಕ್ಯಾನ್ವಾಸ್ ಇಟ್ಟಳು. ಪಕ್ಕೆಯ ಹೊಲಿಗೆಯೊಳಗೆ ಬೆತ್ತದ ಸೀಳು ಸೇರಿಸಿದಳು. ಬೆನ್ನಿಗೆ ಕುರ್ಚಿಯ ಹಿಂದಕ್ಕೆ ಬಿಗಿಯುವ ಪಟ್ಟಿಗಳು, ಹೊರಗೆ ಕಾಣದ ಹಾಗೆ. ಮಗ ಮಲಗಿದಲ್ಲಿಂದಲೇ ಅಳತೆ ತಿದ್ದುತ್ತಿದ್ದ. ಎಷ್ಟೋ ತಿಂಗಳ ಮೇಲೆ ಇಬ್ಬರೂ ತಲೆಗೆ ತಲೆ ಕೊಟ್ಟು ಮಾತಾಡಿದ್ದು ಆಗಲೇ.

ಕೋರ್ಟಿನ ದಿನ ಉದ್ದಜಡೆ ಅವನನ್ನು ಕುರ್ಚಿಗೆ ಕೂರಿಸಿದಳು. ಸೊಸೆ ಕೋಟು ತೊಡಿಸಿ, ಪಟ್ಟಿ ಬಿಗಿದು, "ಇವತ್ತು ನಾನೇ ನೋಡ್ಕೋತೀನಿ. ನೀನು ಹಿಂದಿನ ಬೆಂಚಲ್ಲಿರು," ಎಂದಳು.

ತಾನೇ ಕುರ್ಚಿ ತಳ್ಳಿಕೊಂಡು ಒಳಗೆ ಹೋದಳು. ಅವನು ಬೊಂಬೆಯ ಹಾಗೆ ನೆಟ್ಟಗೆ ಕೂತಿದ್ದ. ನೋಡಿದವರು ದೃಷ್ಟಿ ಹಾಕಬೇಕು, ಹಾಗೆ.

ದೃಷ್ಟಿ ಹಾಕಿದವನು ಕಂಪನಿಯ ವಕೀಲ. ಕಣ್ಣಾರೆ ನೋಡಿ ಸ್ವಾಮಿ, ಇವರಿಗೆ ಆಸರೆಯಿಲ್ಲದೆ ಕೂರಲು ಬರುತ್ತದೆ, ಕೈ ಆಡುತ್ತದೆ, ಹೆಂಡತಿಯೊಬ್ಬಳೇ ಕರೆತಂದಿದ್ದಾಳೆ, ಜೀವಮಾನದ ಸಹಾಯಕಿ ಯಾಕೆ ಎಂದ. ನಮ್ಮ ವಕೀಲರು ತಿರುಗಿ ಸೊಸೆಯನ್ನು ನೋಡಿದರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಮಗನನ್ನು ಮೇಲಿಂದ ಕೆಳಗೆ ನೋಡಿದರು. ಮಗ ಕೋಟಿನ ಕಾಲರು ನೇವರಿಸಿಕೊಂಡ. ಅಷ್ಟು ಜನರ ಮುಂದೆ ನೆಟ್ಟಗೆ ಕೂತ ಸುಖವನ್ನು ಬಿಟ್ಟುಕೊಡಲು ಅವನಿಗೂ ಮನಸ್ಸಿರಲಿಲ್ಲ.

ಸಹಾಯಕಿ ಬೇಕೋ ಬೇಡವೋ ನೀವೇ ಹೇಳಿ ಎಂದು ನ್ಯಾಯಾಧೀಶರು ಸೊಸೆಯನ್ನು ಕೇಳಿದರು.

ಅವಳು ಎದ್ದು ನಿಂತಳು. ಗಂಡನನ್ನು ನೋಡಿದಳು. ಹಿಂದಿನ ಬೆಂಚನ್ನು ನೋಡಿದಳು. ಬೇಡ ಎಂಬ ಮಾತು ಅವಳ ಗಂಟಲಿನವರೆಗೆ ಬಂದದ್ದು ನನಗೆ ಕಂಡಿತು. ಆ ಹುಣ್ಣಿಗೆ ಬಟ್ಟೆ ಕಟ್ಟಿದ ತನ್ನ ಕೈಗಳನ್ನೇ ಒಂದು ಗಳಿಗೆ ದಿಟ್ಟಿಸಿ ಬಾಯಿಬಿಟ್ಟಳು.

"ಅವರು ಕೂತಿಲ್ಲ ಸ್ವಾಮಿ. ಕೋಟು ಕೂತಿದೆ."

ಹೇಳಿದವಳೇ ಹೋಗಿ ಹಿಂದಿನ ಪಟ್ಟಿ ಬಿಚ್ಚಿದಳು, ಮುಂದಿನ ಗುಂಡಿಗಳನ್ನು ಒಂದೊಂದಾಗಿ ತೆಗೆದಳು. ಕೋಟು ತೆರೆದುಕೊಂಡಿತು, ಅವನು ಮುಂದಕ್ಕೆ ಕುಸಿದ. ಅವಳು ತಬ್ಬಿ ಹಿಡಿದಳು, ಆ ಭಾರಕ್ಕೆ ಅವಳ ಮೊಣಕಾಲೂ ಮಡಚಿತು.

"ಬಾರೇ ಇಲ್ಲಿ," ಎಂದು ಕೂಗಿದಳು. "ಬೇಗ ಬಾ."

ಉದ್ದಜಡೆ ಆಗಲೇ ಅರ್ಧ ದಾರಿ ಬಂದಿದ್ದಳು. ಒಂದು ಕೈ ಕಂಕುಳಿಗೆ, ಒಂದು ಕೈ ಎದೆಗೆ ಕೊಟ್ಟು ಎತ್ತಿ, ತನ್ನ ಸೊಂಟಕ್ಕೆ ಒರಗಿಸಿಕೊಂಡು ನಿಂತಳು. ಅವನ ತಲೆ ಅವಳ ಜಡೆಯ ಪಕ್ಕಕ್ಕೆ ಬಂತು. ಸೊಸೆ ಅದನ್ನೂ ನೋಡಿದಳು.

ದಿನಾ ಹೀಗೆಯೇ ಹಿಡಿಯಬೇಕೇ ಎಂದು ಕೇಳಿದರು ನ್ಯಾಯಾಧೀಶರು.

"ದಿನಾ," ಎಂದಳು ಸೊಸೆ. "ಇವಳೇ ಬೇಕು."

ತೀರ್ಪು ನಮ್ಮ ಕಡೆಗೇ ಆಯಿತು. ಉಳಿದ ಮಿಷನ್ ಮನೆಗೆ ಬಂತು. ಸೊಸೆ ಮೊದಲು ಬಿಚ್ಚಿದ್ದು ಆ ಕೋಟನ್ನು. ಅದರ ಅಸ್ತರಿನಲ್ಲಿ ಒಂದು ದೊಡ್ಡ ಟೋಪಿ ಹೊಲಿದು, ಎರಡೆರಡು ಲಾಡಿ ಇಟ್ಟು, ಉದ್ದಜಡೆಯ ಕೈಗೆ ಕೊಟ್ಟಳು.

"ಕೂದಲೆಲ್ಲಾ ಇದರೊಳಗೆ ಹಾಕ್ಕೋ. ಹುಣ್ಣಿಗೆ ತಾಗಬಾರದು."

"ಹುಣ್ಣು ವಾಸಿಯಾಗಿ ಎಷ್ಟು ಕಾಲ ಆಯ್ತು ಅತ್ತಿಗೆ."

"ಮತ್ತೆ ಆಗಬಾರದಲ್ಲ."

ಉದ್ದಜಡೆ ನಗುತ್ತಾ ಜಡೆ ಸುತ್ತಿ ಟೋಪಿಯೊಳಗೆ ತುರುಕಿದಳು. ಮಂಚದ ಮೇಲಿಂದ ಮಗ ಟೋಪಿಯನ್ನೇ ನೋಡಿ, ಎಡಗಡೆ ಹೊಲಿಗೆ ಸ್ವಲ್ಪ ಸೊಟ್ಟಗಿದೆ ಎಂದ. ಸೊಸೆ ಅದನ್ನು ಬಿಚ್ಚಿಸಿ, ಅವನ ಪಕ್ಕದಲ್ಲೇ ಕೂತು ಮತ್ತೆ ಹೊಲಿಯತೊಡಗಿದಳು. ಅವಸರವೇನೂ ಮಾಡಲಿಲ್ಲ.