ಗಂಟೆ ಹೊಡೆದರೆ ಕೂರಬೇಕು

ಮಂಚದಿಂದ ಶೌಚಾಲಯದ ಬಾಗಿಲಿನವರೆಗೆ, ಯಾರ ಕೈಯನ್ನೂ ಹಿಡಿಯದೆ. ಇಷ್ಟು ನಡೆದು ತೋರಿಸಿದರೆ ಯೊಶಿಜೊ ಇವತ್ತು ಗೆದ್ದ ಹಾಗೆ, ಮನೆಗೆ ಹೋಗಬಹುದು. ಇಲ್ಲದಿದ್ದರೆ ಊರಾಚೆಯ ವೃದ್ಧಾಶ್ರಮ. ಅಲ್ಲಿಂದ ಮನೆಗೆ ವಾಪಸಾದವರನ್ನು ಅವನ ಹೆಂಡತಿ ತೊಮಿ ಇನ್ನೂ ಕಂಡಿರಲಿಲ್ಲ. ಗಂಡನನ್ನು ಎತ್ತಿ ಕೂರಿಸಲು ನನ್ನ ಸೊಂಟಕ್ಕೆ ಆಗುವುದಿಲ್ಲ ಎಂದು ವೈದ್ಯರಿಗೆ ಹೇಳಿದವಳು ಅವಳೇ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಿದ್ದಳು.

ಈ ಪುನರ್ವಸತಿ ಕೇಂದ್ರದ ಮೇಲೆ ದೂರು ಹೇಳೋಣವೆಂದರೆ ಒಂದೂ ಸಿಗದು. ನೆಲದ ಮೇಲೆ ಕೂದಲೆಳೆ ಕಾಣಿಸದು, ಮಿಸೊ ಸಾರು ಬಿಸಿಬಿಸಿಯಾಗಿಯೇ ಬರುತ್ತದೆ, ಎದುರಾದವರೆಲ್ಲ ಸೊಂಟ ಬಗ್ಗಿಸಿ ವಂದಿಸುತ್ತಾರೆ. ಆದರೂ, ಪಾರ್ಶ್ವವಾಯು ಹೊಡೆದ ಮೇಲೂ ಕೋಲೂರಿಕೊಂಡು ಒಳಗೆ ಬಂದಿದ್ದ ಯೊಶಿಜೊನ ಕಾಲುಗಳು ಇಲ್ಲಿ ಬಡಕಲಾಗಿದ್ದವು. ಕನ್ನಡಿಯ ಮುಂದೆ ನಿಂತೇ ಆಯುಷ್ಯ ಸವೆಸಿದ ಕ್ಷೌರಿಕನ ಕಾಲುಗಳು ಅವು! ತೊಮಿಗೆ ಅದು ಅರ್ಥವಾಗದೆ ಕೊರೆಯುತ್ತಿತ್ತು.

"ಏನ್ರೀ ಇದು, ಗಡ್ಡ ಯಾರು ಬೋಳಿಸಿದ್ದು? ಮೇಕೆ ಮೇಯ್ದ ಹಾಗಿದೆ," ಎಂದಳು, ಅವನ ಭಯ ಕಳೆಯಲು.

"ನನ್ ಕೈಗೆ ಕತ್ತಿ ಕೊಡಲ್ವಂತೆ ಕಣೇ. ಕುಯ್ಕೊಂಡ್ಬಿಟ್ರೆ ಅಂತ."

ವೈದ್ಯರೂ ಮೇಲ್ವಿಚಾರಕಿ ಕುರೊಸು ಅವರೂ ಗೋಡೆಗೆ ಸರಿದು ನಿಂತರು. ಮಂಚದ ಪಕ್ಕ ನೆಲದ ಮೇಲೆ ತಂತಿ ಜೋಡಿಸಿದ ಒಂದು ತೆಳು ಚಾಪೆಯಿತ್ತು. ಅದರ ಮೇಲೆ ಎದ್ದು ನಿಂತರೆ ಹೊರಗೆ ಗಂಟೆ ಹೊಡೆಯುತ್ತದೆ. ಅದನ್ನು ತೆಗೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವರಿಗೆ ಅದೂ ನೆಲವೇ ಆಗಿಹೋಗಿತ್ತು.

ಯೊಶಿಜೊ ಎದ್ದ. ಗಂಟೆ ಹೊಡೆಯಿತು. ಎಲ್ಲೋ ದೂರದ ಕೋಣೆಯಿಂದ ಆರೈಕೆಯ ಹುಡುಗಿ ಮಿಯಾಬೆಯ ದನಿ ಬಂತು: "ತಾತಾ, ಕೂತ್ಕೊಳಿ! ಬಂದೇ ಬಂದೇ!"

ಅವನು ಕೂತುಬಿಟ್ಟ.

"ಪರವಾಗಿಲ್ಲ, ಇನ್ನೊಂದ್ಸಲ," ಎಂದರು ವೈದ್ಯರು. ಕುರೊಸು ಅವರು ಹೊರಗೆ ಇಣುಕಿ ಹುಡುಗಿಗೆ ಸುಮ್ಮನಿರಲು ಸನ್ನೆ ಮಾಡಿದರು. ಯೊಶಿಜೊ ಮತ್ತೆ ಎದ್ದ, ಗಂಟೆ ಹೊಡೆಯಿತು. ಈ ಸಲ ಯಾರೂ ಏನೂ ಹೇಳಲಿಲ್ಲ. ಆದರೂ ಅವನ ಮೊಣಕಾಲುಗಳು ಮಡಚಿಕೊಂಡವು.

"ನಾನಲ್ಲ ಕಣೇ," ಎಂದ ಅವನು, ನಾಚಿಕೆಯಿಂದ. "ಇವೇ ಕೂತ್ಕೋತವೆ."

ತೊಮಿಯ ಮೈ ಉರಿದುಹೋಯಿತು. "ದಿನಾ ಹೀಗೇನಾ? ಎದ್ದಾಗೆಲ್ಲ ಕೂರಿಸ್ತೀರಾ?"

"ಇಷ್ಟೂ ಕೋಣೆಗೆ ಒಬ್ಬಳೇ ಹುಡುಗಿ, ತೊಮಿ ಅವರೇ. ಅವಳು ಬರೋದ್ರೊಳಗೆ ಬಿದ್ರೆ?" ಕುರೊಸು ಮೆತ್ತಗೆ ಹೇಳಿದರು. "ಬಂದ ದಿನ ನೀವೇ ತಲೆ ಬಗ್ಗಿಸಿ ಕೇಳ್ಕೊಂಡ್ರಿ, ಬೀಳದ ಹಾಗೆ ನೋಡ್ಕೊಳಿ ಅಂತ. ಇವತ್ತಿನ ತನಕ ಒಂದ್ಸಲಾನೂ ಬಿದ್ದಿಲ್ಲ."

ಆ ಮಾತಿನಲ್ಲಿ ಹೆಮ್ಮೆಯಿತ್ತು, ಸುಳ್ಳಿರಲಿಲ್ಲ. ಕೇಳಿದ್ದನ್ನೇ ಕೊಟ್ಟಿದ್ದಾರೆ. ತೊಮಿಗೆ ಕಪಾಳಕ್ಕೆ ಹೊಡೆದಂತಾಯಿತು.

ಅವಳು ಚಪ್ಪಲಿ ಕಳಚಿ ಚಾಪೆಯ ಮೇಲೆ ಹೋಗಿ ನಿಂತಳು. ಗಂಟೆ ಹೊಡೆಯತೊಡಗಿತು, ನಿಲ್ಲಲಿಲ್ಲ. ಮಿಯಾಬೆ ಏದುಸಿರು ಬಿಡುತ್ತ ಓಡಿಬಂದವಳು "ತಾತಾ, ಕೂತ್..." ಎಂದು ಬಾಯಿ ತೆರೆದು, ಚಾಪೆಯ ಮೇಲೆ ಅಜ್ಜಿಯನ್ನು ಕಂಡು ಹಾಗೇ ನಿಂತಳು.

"ಹೊಡ್ಕೊಳ್ಳಲಿ ಬಿಡಿ. ಇದು ನನ್ ಗಂಟೆ," ಎಂದಳು ತೊಮಿ ಗಂಡನಿಗೆ. "ನೀವು ಏಳಿ."

"ಬಿದ್ರೆ?"

ಆ ಮಾತು ಅವನ ಬಾಯಲ್ಲಿ ಅವಳು ಎಂದೂ ಕೇಳಿರಲಿಲ್ಲ.

"ಬಿದ್ರೆ ಇಬ್ರೂ ಬೀಳೋಣ. ಏಳ್ರೀ ಅಂದ್ರೆ!"

ಯೊಶಿಜೊ ಎದ್ದ. ಮೊಣಕಾಲು ಅದುರಿತು, ಅರ್ಧ ಮಡಚಿತು, ಮತ್ತೆ ನೆಟ್ಟಗಾಯಿತು. ಗಂಟೆಯ ಸದ್ದಿನಲ್ಲೇ, ಗೋಡೆಯ ಕಂಬಿಗೆ ಎಡಗೈ ಸವರಿಕೊಂಡು, ಬಾಗಿಲು ಮುಟ್ಟಿದ. ಹೊರಳಿ ನೋಡಿ, "ಒಳಗೂ ಬರ್ತೀಯೇನೇ?" ಎಂದ. ಮೊದಲು ನಕ್ಕವಳು ಮಿಯಾಬೆ. ವೈದ್ಯರು ಮನೆಗೆ ಕರೆದುಕೊಂಡು ಹೋಗಿ ಎಂದರು.

ಮನೆಗೆ ಬಂದವನು ಮೊದಲು ನಿಂತದ್ದು ಅಂಗಡಿಯ ಕನ್ನಡಿಯ ಮುಂದೆ. ಬೆನ್ನ ಹಿಂದೆ ಗಿರಾಕಿಗಳ ಕುರ್ಚಿ, ಕೈಯಲ್ಲಿ ಬಾಚಣಿಗೆ. ಸುದ್ದಿ ತಿಳಿದು ಎದುರುಮನೆಯ ಮೀನಂಗಡಿ ತೊಕುಜಿ ನಗುತ್ತ ಬಾಗಿಲು ತಳ್ಳಿದ. ಬಾಗಿಲಿಗೆ ಕಟ್ಟಿದ್ದ ಗಂಟೆ ಕಿಣಿಕಿಣಿ ಎಂದಿತು.

ಆ ಸದ್ದಿಗೆ ಹಿಂದೆಲ್ಲ "ಬನ್ನಿ, ಬನ್ನಿ!" ಎಂದು ಬಾಯ್ತುಂಬ ಕರೆಯುತ್ತಿದ್ದ ಯೊಶಿಜೊ ಧೊಪ್ಪನೆ ಕುರ್ಚಿಗೆ ಕುಸಿದ.

"ಕೂತ್ಕೊಂಡೆ ಕಣಮ್ಮ," ಎಂದ ಬಾಗಿಲ ಕಡೆ ನೋಡದೆಯೇ. "ಕೂತ್ಕೊಂಡೆ."

ತೊಮಿ ತಟ್ಟೆಯಲ್ಲಿದ್ದ ಕತ್ತರಿ ತೆಗೆದುಕೊಂಡು ಹೋಗಿ ಗಂಟೆಯ ದಾರ ಕತ್ತರಿಸಿದಳು. ಮತ್ತೆ ಸದ್ದಾಗದಂತೆ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಹಿತ್ತಲಿಗೆ ನಡೆದಳು.