ಡೊನ್‌ಬೋರ್ ತಪ್ಪಬೇಕಾದ ಜಾಗ

ಸತ್ತವನ ಹಿಂದೆ ಕೂತು ಡ್ರಮ್ ಬಾರಿಸುವುದೇನು ಮಹಾ ಕಷ್ಟ ಅನ್ನುವವರು ಒಮ್ಮೆ ಡೊನ್‌ಬೋರ್‌ನನ್ನು ಕೇಳಬೇಕು. ಬದುಕಿದ್ದಾಗ ಬಾನ್‌ಶಾನ್ ಯಾವ ಹಾಡನ್ನೂ ಎರಡು ಸಲ ಒಂದೇ ಥರ ಹಾಡಿದವನಲ್ಲ. ಮನಸ್ಸು ಬಂದರೆ ಒಂದು ಸಾಲನ್ನು ಎಳೆಯುತ್ತಿದ್ದ, ಬಾರದಿದ್ದರೆ ನುಂಗಿಬಿಡುತ್ತಿದ್ದ. ಹಿಂದೆ ಕೂತ ಡೊನ್‌ಬೋರ್ ಅವನ ಹೆಗಲು ನೋಡಿಕೊಂಡು, ಈಗ ಉಸಿರು ತಗೊಂಡ, ಈಗ ಬಿಡುತ್ತಾನೆ ಎಂದು ಅಂದಾಜು ಮಾಡಿ ಬಾರಿಸುತ್ತಿದ್ದ. ಈಗ ಹೆಗಲೂ ಇಲ್ಲ, ಉಸಿರೂ ಇಲ್ಲ. ಕಂಪ್ಯೂಟರಿನಿಂದ ದನಿ ಬರುತ್ತದೆ. ಪರದೆಯ ಮೇಲೆ ಎರಡಾಳೆತ್ತರದ ಬಾನ್‌ಶಾನ್ ಬಾಯಿ ತೆರೆಯುತ್ತಾನೆ. ಡೊನ್‌ಬೋರ್‌ನ ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಟಕ್ ಟಕ್ ಎಂದು ಒಂದು ಸದ್ದು ಓಡುತ್ತಿರುತ್ತದೆ, ಅದು ಹೇಳಿದಲ್ಲಿ ಕೈ ಬೀಳಬೇಕು.

ಅದನ್ನಾದರೂ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಕೊನೆಯ ಹಾಡಿನ ನಡುವೆ ಇತ್ತು. ಅಲ್ಲಿ ಡೊನ್‌ಬೋರ್ ತಾಳ ತಪ್ಪಬೇಕಿತ್ತು. ಪ್ರತಿ ಕಾರ್ಯಕ್ರಮದಲ್ಲೂ, ಅದೇ ಜಾಗದಲ್ಲಿ, ಬೇಕೆಂದೇ.

ಇದಕ್ಕೆ ಕಾರಣ ಪೋಲೋ ಮೈದಾನದ ಆ ಒಂದು ಸಂಜೆ. ಶಿಲ್ಲಾಂಗಿನಲ್ಲಿ ‘ರೆಡ್ ಕೆಟಲ್’ ಬ್ಯಾಂಡಿನ ಹೆಸರು ಕೇಳದವರು ಯಾರಿದ್ದಾರೆ? ಕಿಟ್‌ಬೋಕ್‌ನ ಗಿಟಾರು, ಡೊನ್‌ಬೋರ್‌ನ ಡ್ರಮ್ಮು, ಬಾನ್‌ಶಾನ್‌ನ ಗಂಟಲು. ಮಾವ್ಖಾರ್ ಬೀದಿಯ ಟೀ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಮೂವರೂ ಹುಡುಗರಾಗಿದ್ದಾಗ ಶುರುಮಾಡಿದ್ದು, ತಲೆ ನರೆತರೂ ಬಿಟ್ಟಿರಲಿಲ್ಲ. ಬೇಸ್ ಗಿಟಾರು ಬಾರಿಸುವವರು ಮಾತ್ರ ಬರುತ್ತಿದ್ದರು, ಜಗಳವಾಡಿಕೊಂಡು ಹೋಗುತ್ತಿದ್ದರು. ಪೋಲೋ ಮೈದಾನದ ಕಾರ್ಯಕ್ರಮದ ದಿನ ಬೆಳಿಗ್ಗೆ ಡೊನ್‌ಬೋರ್‌ನ ಅತ್ತೆ ಅವನ ಹಾಸಿಗೆ ಸುತ್ತಿ ಬಾಗಿಲಾಚೆ ಇಟ್ಟಿದ್ದಳು. ಅವರ ಜನರಲ್ಲಿ ಮನೆ ಹೆಂಗಸರದು, ಮಕ್ಕಳು ಹೆಂಗಸರ ಕುಲದವರು, ಮದುವೆಯಾಗಿ ಬಂದ ಗಂಡಸು ಎಷ್ಟು ವರ್ಷ ಇದ್ದರೂ ಬಂದವನೇ. ಹಾಸಿಗೆ ಹೊರಗೆ ಬಿತ್ತೆಂದರೆ ಅಲ್ಲಿಗೆ ಮಾತು ಮುಗಿಯಿತು. ಹೆಂಡತಿ ಕಿಟಕಿಯಲ್ಲಿ ನಿಂತು ನೋಡಿದಳೇ ಹೊರತು ತುಟಿ ಬಿಚ್ಚಲಿಲ್ಲ. ಡೊನ್‌ಬೋರ್ ಹಾಸಿಗೆಯನ್ನು ತನ್ನ ತಂಗಿಯ ಮನೆಗೆ ಹೊತ್ತುಕೊಂಡು ಹೋಗಿ ಹಾಕಿ ಮೈದಾನಕ್ಕೆ ಬಂದ. ವಿಷಯವನ್ನು ಬಾನ್‌ಶಾನ್ ಒಬ್ಬನಿಗೆ ಹೇಳಿ, ವೇದಿಕೆಯ ಹಿಂದೆ ಅವನ ಹೆಗಲ ಮೇಲೆ ಮುಖವಿಟ್ಟು ಅತ್ತ.

‘ಬಿಡೋ, ನಾನಿದೀನಲ್ಲ’ ಎಂದು ಬಾನ್‌ಶಾನ್ ಅವನ ಬಾಯಿಗೆ ಒಂದು ಎಲೆ ಅಡಿಕೆ ತುರುಕಿದ.

ಕೊನೆಯ ಹಾಡಿಗೆ ಬರುವ ಹೊತ್ತಿಗೆ ಡೊನ್‌ಬೋರ್‌ನ ಕಣ್ಣ ಮುಂದೆ ಆ ಕಿಟಕಿಯೇ ಇತ್ತು. ಕೈ ನಿಂತುಬಿಟ್ಟಿತು. ಬಾನ್‌ಶಾನ್ ಹಾಡು ನಿಲ್ಲಿಸಿ ಹಿಂದೆ ತಿರುಗಿ ನೋಡಿದ, ಆಮೇಲೆ ಮೈಕಿಗೆ ಬಾಯಿ ಹಚ್ಚಿದ.

‘ನಮ್ಮ ಡೊನ್ ಮಲಗಿಬಿಟ್ಟ ನೋಡ್ರಪ್ಪ. ಪಾಪ, ಇವತ್ತು ಬೆಳಿಗ್ಗೆ ಅತ್ತೆ ಅವನ ಹಾಸಿಗೆ ಎತ್ತಿ ಬೀದಿಗೆ ಎಸೆದಿದಾಳೆ, ಇನ್ನೆಲ್ಲಿ ಮಲಗ್ತಾನೆ? ಎಲ್ಲರೂ ಸೇರಿ ಎಬ್ಬಿಸಿ. ಡೊನ್, ಎದ್ದೇಳೋ!’

ಹೇಳಿ ನಕ್ಕ. ಬಾನ್‌ಶಾನ್ ನಗುವಾಗ ಮೊದಲು ಸದ್ದೇ ಇರುತ್ತಿರಲಿಲ್ಲ, ಆಮೇಲೆ ಹೊಟ್ಟೆಯಿಂದ ಗೊಳ್ಳೆಂದು ಬರುತ್ತಿತ್ತು. ಇಡೀ ಮೈದಾನ ‘ಡೊನ್, ಎದ್ದೇಳೋ’ ಎಂದು ಕೂಗಿತು. ಡೊನ್‌ಬೋರ್ ಎದ್ದು ನಿಂತು, ಹಲ್ಲು ಕಿರಿದು, ಮತ್ತೆ ಕೂತು ಬಾರಿಸಿದ. ಎಂಥ ಗೆಳೆತನವಯ್ಯ ಅದು!

ಅಂದಿನಿಂದ ಅವನು ಬಾನ್‌ಶಾನ್‌ನ ಹತ್ತಿರ ಮಾತು ಬಿಟ್ಟ. ಬಾನ್‌ಶಾನ್ ಫೋನು ಮಾಡಿದ, ಮನೆತನಕ ಬಂದ, ಇವನು ಮುಖ ಕೊಡಲಿಲ್ಲ. ಇನ್ನಷ್ಟು ದಿನ ಸತಾಯಿಸಿ ಆಮೇಲೆ ಒಳ್ಳೆ ನಾಲ್ಕು ಬೈದು ರಾಜಿಯಾಗೋಣ ಅಂತ ಮನಸ್ಸಿನಲ್ಲಿತ್ತು. ಅಷ್ಟರಲ್ಲಿ ಗುವಾಹಟಿಯಿಂದ ಮೇಲೆ ಬರುವಾಗ ಮಂಜಿನಲ್ಲಿ ಬಾನ್‌ಶಾನ್‌ನ ಕಾರು ನಿಂತಿದ್ದ ಲಾರಿಯ ಅಡಿಗೆ ಹೋಯಿತು. ಡೊನ್‌ಬೋರ್ ಶವಪೆಟ್ಟಿಗೆಗೆ ಹೆಗಲು ಕೊಟ್ಟ. ಬೈಗುಳ ಎಲ್ಲಾ ಗಂಟಲಲ್ಲೇ ಉಳಿಯಿತು.

ಬ್ಯಾಂಡು ಮುಂದುವರಿಯಬೇಕು ಎಂದವನು ಕಿಟ್‌ಬೋಕ್. ಹೊಸ ಹಾಡುಗಾರನನ್ನು ತಂದರೆ ಜನ ಕಲ್ಲು ಹೊಡೆಯುತ್ತಾರೆ, ಪೋಲೋ ಮೈದಾನದ ಕಾರ್ಯಕ್ರಮ ಪೂರ್ತಿ ರೆಕಾರ್ಡ್ ಆಗಿದೆ, ಅವನ ದನಿ ವಾದ್ಯಗಳಿಂದ ಬೇರೆಯಾಗೇ ಇದೆ, ಅದರ ಜೊತೆಗೇ ಬಾರಿಸೋಣ ಎಂದ. ಮೊದಲ ತಾಲೀಮಿನಲ್ಲೇ ಆ ಜಾಗ ಬಂತು. ಡೊನ್‌ಬೋರ್ ನಿಲ್ಲಿಸದೆ ಬಾರಿಸಿದ. ಸತ್ತವನ ಮಾತು, ನಗು ಎಲ್ಲಾ ಡ್ರಮ್ಮಿನ ಸದ್ದಿನಡಿ ಸಿಕ್ಕಿ ಒದ್ದಾಡಿತು.

‘ಅಲ್ಲಿ ನೀನು ತಪ್ಪಬೇಕು ಕಣೋ’ ಅಂದ ಕಿಟ್‌ಬೋಕ್. ‘ಅವತ್ತು ಹೇಗೆ ತಪ್ಪಿದ್ಯೋ ಹಾಗೇ. ಒಂದು ಏಟು ಮುಂಚೆ ನಿಂತ್ಯಲ್ಲ, ಹಾಗೆ.’

ತಾಳ ತಪ್ಪದಿರುವುದಕ್ಕೆ ಜೀವಮಾನ ತೇದವನು ಒಂದು ವಾರ ಕೂತು ತಪ್ಪುವುದನ್ನು ಕಲಿತ. ಜನ ಮುಗಿಬಿದ್ದರು. ಜೋವಾಯಿ, ತೂರಾ, ದಿಮಾಪುರ, ಎಲ್ಲಿಗೆ ಹೋದರೂ ಮೈದಾನ ತುಂಬುತ್ತಿತ್ತು. ಹಾಡುಗಳಿಗೆ ಅಳುತ್ತಿದ್ದ ಜನ ಆ ಜಾಗಕ್ಕೆ ಕಾದಿರುತ್ತಿದ್ದರು. ಡೊನ್‌ಬೋರ್‌ನ ಕೈ ನಿಂತಿತೋ ಇಲ್ಲವೋ, ಬಾನ್‌ಶಾನ್‌ಗಿಂತ ಮುಂಚೆ ಅವರೇ ಮುಸಿಮುಸಿ ನಗಲು ಶುರು. ‘ಎದ್ದೇಳೋ ಡೊನ್’ ಎಂದು ಅಚ್ಚು ಹಾಕಿಸಿದ ಅಂಗಿಗಳೂ ಬಂದವು.

ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಾನ್‌ಶಾನ್‌ನ ತಾಯಿ ಕೂತಿರುತ್ತಿದ್ದಳು. ಬ್ಯಾಂಡಿನವರಿಗೆಲ್ಲ ಅವಳು ಮೇಯಿಯೇ, ಅಂದರೆ ಅಮ್ಮ. ಭುಜಕ್ಕೆ ಚೌಕಳಿ ಬಟ್ಟೆ ಬಿಗಿದು, ಮಡಿಲಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಹಾಡು ನಡೆಯುವಾಗ ತೂಕಡಿಸುವಳು. ಆ ಜಾಗ ಹತ್ತಿರ ಬಂದಾಗ ಎಚ್ಚೆತ್ತು, ಕಿವಿಯ ಹಿಂದೆ ಅಂಗೈ ಇಟ್ಟು ಮುಂದಕ್ಕೆ ಬಾಗುವಳು. ಕಾರ್ಯಕ್ರಮ ಮುಗಿದ ಮೇಲೆ ಡೊನ್‌ಬೋರ್‌ನನ್ನು ಹುಡುಕಿಕೊಂಡು ಬಂದು ಅವನ ಬೆವರಿದ ಬೆನ್ನು ಸವರಿ, ‘ಇವತ್ತು ಚೆನ್ನಾಗಿ ನಕ್ಕ ಅಲ್ವೇನೋ’ ಅನ್ನುವಳು. ಪ್ರತಿ ಸಲವೂ ಒಂದೇ ನಗು. ಡೊನ್‌ಬೋರ್ ಹೂಂ ಅನ್ನುತ್ತಿದ್ದ.

ಹೀಗೇ ನಡೆಯುತ್ತಿತ್ತೇನೋ, ಮಗಳು ಇಲ್ಲದಿದ್ದರೆ. ದಾಶೀಶಾ ಏಳನೇ ತರಗತಿ. ಅಪ್ಪನಿಗೆ ಆ ಮನೆಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲವಾದ್ದರಿಂದ ಶನಿವಾರ ಶಾಲೆ ಬಿಟ್ಟ ಮೇಲೆ ಲೈತುಮ್ಖ್ರಾದ ಹೋಟೆಲಿನಲ್ಲಿ ಇಬ್ಬರೂ ಕೂತು ಜಾದೋ ತಿನ್ನುತ್ತಿದ್ದರು. ಆ ಶನಿವಾರ ಹುಡುಗಿ ಅನ್ನ ಕಲಸುತ್ತಲೇ ಕೂತಳು, ಹಂದಿಮಾಂಸದ ತುಂಡನ್ನು ಮುಟ್ಟಲೂ ಇಲ್ಲ.

‘ಪಾ, ಕ್ಲಾಸಲ್ಲಿ ನಾನು ಉತ್ತರ ಹೇಳೋಕೆ ಎದ್ದರೆ ಎಲ್ಲಾ ಎದ್ದೇಳೋ ಡೊನ್ ಅಂತಾರೆ.’

‘ಮಿಸ್ ಬಯ್ಯಲ್ವಾ?’

‘ಮಿಸ್ಸೂ ನಗ್ತಾರೆ.’ ಆಮೇಲೆ ತಟ್ಟೆ ನೋಡಿಕೊಂಡೇ ಹೇಳಿದಳು, ‘ಅಜ್ಜಿ ನಿಜವಾಗ್ಲೂ ಹಾಸಿಗೆ ಬೀದಿಗೆ ಎಸೆದ್ರಾ ಅಂತ ಕೇಳ್ತಾರೆ. ನಾನು ಏನು ಹೇಳಲಿ?’

‘ತಮಾಷೆಗೆ ಹೇಳಿದ್ದು ಅನ್ನು.’

‘ನಾನು ನೋಡಿದೀನಲ್ಲ, ಪಾ.’

ಡೊನ್‌ಬೋರ್ ಅಂದು ಕಿಟಕಿಯಲ್ಲಿ ಹೆಂಡತಿಯನ್ನು ಕಂಡಿದ್ದನೇ ಹೊರತು ಅವಳ ಹಿಂದೆ ಮಗಳೂ ಇದ್ದಳೆಂಬುದು ಅವನಿಗೆ ಗೊತ್ತಿರಲಿಲ್ಲ. ಅಲ್ಲಿಂದ ಎದ್ದವನು ನೇರ ಕಿಟ್‌ಬೋಕ್‌ನ ಹತ್ತಿರ ಹೋದ.

‘ಆ ಮಾತು ತೆಗೆದುಬಿಡು.’

ಕಿಟ್‌ಬೋಕ್ ಗಿಟಾರಿನ ತಂತಿ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. ‘ತೆಗೆದರೆ ಜನ ಯಾಕೆ ಬರ್ತಾರೆ? ನಿನ್ನ ಮೂತಿ ನೋಡೋಕಾ?’

‘ನನ್ನ ಮಗಳನ್ನ ಶಾಲೆಯಲ್ಲಿ ಗೋಳು ಹೊಯ್ಕೊಳ್ತಿದಾರೆ ಕಣೋ.’

‘ಡೊನ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಇಷ್ಟು ವರ್ಷ ಬಾರಿಸಿದ್ಯಲ್ಲ, ನಿನ್ನ ಹೆಸರು ಒಬ್ಬನಿಗಾದ್ರೂ ಗೊತ್ತಿತ್ತಾ? ಅವನು ಗೇಲಿ ಮಾಡಿದ ಮೇಲೆ ತಾನೇ ನೀನೊಬ್ಬ ಇದೀಯ ಅಂತ ಊರಿಗೆ ಗೊತ್ತಾಗಿದ್ದು? ಪುಣ್ಯಾತ್ಮ ಹೋಗೋ ಮುಂಚೆ ನಿನಗೊಂದು ದಾರಿ ಮಾಡಿಟ್ಟು ಹೋದ ಅಂದ್ಕೋ.’

ಹೇಳಿದ್ದು ಸುಳ್ಳಾಗಿದ್ದರೆ ಡೊನ್‌ಬೋರ್ ಅವನ ಕಪಾಳಕ್ಕೆ ಬಿಡಬಹುದಿತ್ತು.

‘ಅಷ್ಟಕ್ಕೂ ದನಿ ನನ್ನದಲ್ಲ’ ಎಂದ ಕಿಟ್‌ಬೋಕ್. ‘ಇಬಾನ್‌ರಿನ ಕೇಳು. ಅವಳು ತೆಗಿ ಅಂದ್ರೆ ತೆಗೀತೀನಿ.’

ಇಬಾನ್‌ರಿ ಬಾನ್‌ಶಾನ್‌ನ ಕೊನೆಯ ತಂಗಿ. ಕೊನೆಯ ಮಗಳಿಗೇ ಮನೆ, ಕೊನೆಯ ಮಗಳಿಗೇ ಹೆತ್ತವಳ ಭಾರ, ಮದುವೆಯಾಗದೆ ಸತ್ತ ಅಣ್ಣನದೇನಿದೆಯೋ ಅದೂ ಅವಳಿಗೇ. ಗಿಟಾರು, ಅಂಗಿ, ದನಿ, ಎಲ್ಲಾ. ಡೊನ್‌ಬೋರ್ ಹೋದಾಗ ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವನು ಹೇಳಿದ್ದೆಲ್ಲ ಕೇಳಿ, ಕೈ ಒರೆಸಿಕೊಂಡು, ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು.

‘ತೆಗೀಬಹುದು, ಅಣ್ಣ. ನಂದೇನೂ ಅಡ್ಡಿ ಇಲ್ಲ. ನಮ್ಮಣ್ಣ ಮಾಡಿದ್ದು ತಪ್ಪು ಅಂತ ನಾನು ಅವತ್ತೇ ಅವನ ಮುಖಕ್ಕೇ ಹೇಳಿದ್ದೆ. ಆದರೆ ಮೇಯಿ ಅದಕ್ಕೇ ಬರೋದು ಅಂತ ನಿಮಗೆ ಗೊತ್ತು.’

‘ಫೋನಲ್ಲಿ ಕೇಳಿಸಬಹುದಲ್ಲ?’

‘ಕೇಳಿಸಿದೆ. ಫೋನು ತಿರುಗಿಸಿ ಕೊಟ್ಟುಬಿಟ್ಟರು. ಇದು ಪೆಟ್ಟಿಗೆ ನಗೋದು, ಡೊನ್ ತಪ್ಪಿದಾಗ ನನ್ನ ಮಗ ನಗ್ತಾನೆ ಅಂತಾರೆ. ತಲೆ ಕೆಟ್ಟಿಲ್ಲ ಅವರಿಗೆ, ಎಲ್ಲಾ ಗೊತ್ತು. ಆದರೂ ನೀವು ತಪ್ಪಬೇಕು, ಅವನು ನಗಬೇಕು. ಅದನ್ನ ನೋಡ್ಕೊಂಡು ಬಂದ ದಿನ ಎರಡು ತುತ್ತು ಜಾಸ್ತಿ ಊಟ ಮಾಡ್ತಾರೆ.’ ಇಬಾನ್‌ರಿ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. ‘ನೀವು ಹೇಳಿದ ಹಾಗೆ ಮಾಡ್ತೀನಿ. ತೆಗೀಲಾ?’

ಒಂದು ಕಡೆ ಮುದುಕಿಯ ಎರಡು ತುತ್ತು, ಇನ್ನೊಂದು ಕಡೆ ಮಗಳ ಮುಟ್ಟದ ತಟ್ಟೆ. ಯಾವ ತಂದೆಯಾದರೂ ಏನು ಮಾಡುತ್ತಿದ್ದನೋ ಡೊನ್‌ಬೋರ್ ಅದನ್ನೇ ಮಾಡಿದ.

‘ತೆಗಿ’ ಅಂದ.

‘ಮೇಯಿಗೆ ನೀವೇ ಹೇಳಿ ಹೋಗಿ. ನನ್ನ ಕೈಲಾಗಲ್ಲ.’

ಅಡಿಗೆಮನೆಯಲ್ಲಿ ಮೇಯಿ ಅವನಿಗೆ ಕೆಂಪು ಟೀ ಬಗ್ಗಿಸಿ, ಅಕ್ಕಿ ರೊಟ್ಟಿ ಮುಂದಿಟ್ಟಳು. ತಂಗಿಯ ಮನೆಯಲ್ಲಿ ಹೊಟ್ಟೆ ತುಂಬಾ ಹಾಕುತ್ತಾರಾ, ಹೊದೆಯಲು ಸರಿಯಾಗಿ ಕೊಟ್ಟಿದ್ದಾರಾ ಎಂದು ಕೇಳಿದಳು. ಹಾಸಿಗೆ ಹೊರಗೆ ಬಿದ್ದ ಮೇಲೆ ಅವನನ್ನು ಅಂಥದೆಲ್ಲ ಕೇಳಿದವಳು ಅವಳೊಬ್ಬಳೇ.

‘ಮುಂದಿನ ವಾರ ಪೋಲೋ ಮೈದಾನದಲ್ಲೇ ಅಂತೆ?’ ಅಂದಳು. ‘ಅವನು ಅವತ್ತು ನಕ್ಕ ಜಾಗದಲ್ಲೇ ಮತ್ತೆ ನಗ್ತಾನೆ. ನಾನು ಬೇಗನೇ ಬಂದು ಕೂತ್ಕೊಳ್ತೀನಿ, ಆಯ್ತಾ?’

‘ಬನ್ನಿ ಮೇಯಿ’ ಅಂದ ಡೊನ್‌ಬೋರ್. ಟೀ ಕುಡಿದು ಎದ್ದ. ಹೇಡಿ ಕೆಲಸ ಅಂತ ಅವನಿಗೇ ಗೊತ್ತಿತ್ತು, ಆದರೂ ಹೇಳಲಿಲ್ಲ.

ಮಗಳಿಗೆ ಮಾತ್ರ ಹೇಳಿದ. ಇನ್ನು ಆ ಮಾತು ಇರುವುದಿಲ್ಲ, ಈ ಸಲ ನೀನೇ ಬಂದು ನೋಡು, ನಿನ್ನ ಗೆಳತಿಯರನ್ನೂ ಕರೆದುಕೊಂಡು ಬಾ ಅಂದ. ದಾಶೀಶಾ ಅವನ ಮುಖವನ್ನೇ ನೋಡಿ, ಪ್ರಾಮಿಸ್ ಮಾಡು ಅಂದಳು. ಮಾಡಿದ. ಅವತ್ತು ಹುಡುಗಿ ತಟ್ಟೆ ಖಾಲಿ ಮಾಡಿ ಇನ್ನೊಂದು ಮಾಂಸದ ತುಂಡು ಹಾಕಿಸಿಕೊಂಡಳು. ಅಪ್ಪನಾದವನಿಗೆ ಇನ್ನೇನು ಬೇಕು?

ಕಿಟ್‌ಬೋಕ್ ಬೈದುಕೊಂಡೇ ಆ ತುಂಡನ್ನು ತೆಗೆಸಿ ಎರಡು ತುದಿಯನ್ನೂ ಕೂಡಿಸಿದ. ಈಗ ಹಾಡು ಎಲ್ಲೂ ನಿಲ್ಲದೆ ಓಡುತ್ತಿತ್ತು. ತಾಲೀಮಿನಲ್ಲಿ ಎರಡು ಸಲ ಡೊನ್‌ಬೋರ್‌ನ ಕೈ ಆ ಜಾಗದಲ್ಲಿ ತಡವರಿಸಿತು, ಆಮೇಲೆ ಸರಿಹೋಯಿತು.

ಪೋಲೋ ಮೈದಾನ ಕಿಕ್ಕಿರಿದಿತ್ತು. ಮೇಯಿ ಹೇಳಿದ ಹಾಗೆ ಬೇಗನೇ ಬಂದು ಮುಂದಿನ ಸಾಲಿನ ಕುರ್ಚಿ ಹಿಡಿದಿದ್ದಳು. ಅವಳ ಹಿಂದೆ ಬಲಗಡೆಗೆ, ತಡೆಗಂಬಿ ಹಿಡಿದುಕೊಂಡು ನಾಲ್ಕೈದು ಶಾಲೆ ಹುಡುಗಿಯರ ನಡುವೆ ದಾಶೀಶಾ. ಅಪ್ಪ ನೋಡಿದಾಗ ಕೈ ಬೀಸಿದಳು. ಡೊನ್‌ಬೋರ್ ಅಂದು ಬಾರಿಸಿದ ಹಾಗೆ ಎಷ್ಟೋ ವರ್ಷದಿಂದ ಬಾರಿಸಿರಲಿಲ್ಲ. ಹಾಡಿನ ಮೇಲೆ ಹಾಡು ಬಂತು, ಹೋಯಿತು, ಕೈಗಳು ತಾವಾಗಿ ಓಡಿದವು.

ಕೊನೆಯ ಹಾಡು ಶುರುವಾದಾಗ ಮೇಯಿ ಎಚ್ಚೆತ್ತು, ಅಂಗೈಯನ್ನು ಕಿವಿಯ ಹಿಂದಕ್ಕೆ ತಂದಳು. ಅದನ್ನು ಅವನು ನೋಡಬಾರದಿತ್ತು, ನೋಡಿದ. ಆ ಜಾಗ ಬಂತು. ವಾರವಿಡೀ ಕೂತು ತಪ್ಪುವುದನ್ನು ಕಲಿತ ಕೈ ಒಂದು ಏಟು ಮುಂಚೆ ನಿಂತಿತು.

ಬಾನ್‌ಶಾನ್ ನಿಲ್ಲಲಿಲ್ಲ. ಹಿಂದೆ ತಿರುಗಿ ನೋಡಲಿಲ್ಲ, ಗೇಲಿ ಮಾಡಲಿಲ್ಲ, ನಗಲಿಲ್ಲ. ಪರದೆಯ ಮೇಲೆ ಬಾಯಿ ತೆರೆದುಕೊಂಡು, ಇವನು ಇದ್ದಾನೋ ಇಲ್ಲವೋ ಎಂಬ ಖಬರೇ ಇಲ್ಲದೆ ಮುಂದಿನ ಸಾಲನ್ನು ಹಾಡಿಕೊಂಡು ಹೋದ. ಕಿಟ್‌ಬೋಕ್ ಗಿಟಾರು ಬಿಡದೆ ತಿರುಗಿ ಕಣ್ಣಲ್ಲೇ ಉಗಿದ. ಡೊನ್‌ಬೋರ್ ಕೋಲು ಎತ್ತಿದ, ಆದರೆ ಕಿವಿಯೊಳಗಿನ ಟಕ್ ಟಕ್ ಎಲ್ಲಿದೆ, ತಾನು ಎಲ್ಲಿ ಸೇರಬೇಕು ಎಂಬುದೇ ತಿಳಿಯಲಿಲ್ಲ. ಮೇಯಿ ಇನ್ನೂ ಬಾಗಿಯೇ ಇದ್ದಳು.

ಮಾತು ಬರದಿದ್ದರೆ ಜನಕ್ಕೇನು? ಮಾತು ಅವರಿಗೆ ಬಾಯಿಪಾಠವಾಗಿತ್ತು. ಹಿಂದಿನಿಂದ ಯಾರೋ ಒಬ್ಬ ಶುರುಮಾಡಿದ, ನೋಡುವಷ್ಟರಲ್ಲಿ ಮೈದಾನಕ್ಕೆ ಮೈದಾನವೇ ಕೂಗುತ್ತಿತ್ತು. ಅತ್ತೆ ಹಾಸಿಗೆ ಎಸೆದಳು ಎಂಬುದನ್ನೂ ಬಿಡಲಿಲ್ಲ, ರಾಗ ಕಟ್ಟಿ ಕೂಗಿದರು. ಆಮೇಲೆ ‘ಡೊನ್, ಎದ್ದೇಳೋ’, ಮತ್ತೆ ‘ಡೊನ್, ಎದ್ದೇಳೋ’. ಬಾನ್‌ಶಾನ್‌ನ ಹಾಡು ಆ ಗದ್ದಲದಲ್ಲಿ ಮುಳುಗಿಹೋಯಿತು.

ಮೇಯಿ ಕುರ್ಚಿಯಲ್ಲಿ ಆ ಕಡೆ ಈ ಕಡೆ ತಿರುಗಿದಳು. ಇಷ್ಟು ಜನರ ನಡುವೆ ಒಂದು ನಗು ಹುಡುಕುತ್ತಿದ್ದಳು. ಅಂಗೈ ಕಿವಿಯಿಂದ ಮೆಲ್ಲಗೆ ಕೆಳಗೆ ಬಂತು. ಪಕ್ಕದವನ ತೋಳು ಹಿಡಿದು ಏನೋ ಕೇಳಿದಳು. ಅವನು ಕೂಗುವುದರಲ್ಲಿದ್ದ, ತೋಳು ಬಿಡಿಸಿಕೊಂಡ.

ಡೊನ್‌ಬೋರ್ ಮಗಳ ಕಡೆ ನೋಡಿದ. ಅವಳ ಸುತ್ತ ಗೆಳತಿಯರು ಕುಣಿದು ಕೂಗುತ್ತಿದ್ದರು. ಒಬ್ಬಳು ಕೂಗುತ್ತಲೇ ತಿರುಗಿ ದಾಶೀಶಾಳ ಮುಖ ನೋಡಿದಳು, ಇನ್ನೊಬ್ಬಳೂ ನೋಡಿದಳು. ದಾಶೀಶಾ ಬಾಯಿ ತೆರೆದಳು. ಮೊದಲು ಮೆಲ್ಲಗೆ, ಆಮೇಲೆ ಎಲ್ಲರಿಗಿಂತ ಜೋರಾಗಿ, ಕತ್ತಿನ ನರ ಉಬ್ಬುವ ಹಾಗೆ, ಅಪ್ಪನನ್ನೇ ದಿಟ್ಟಿಸಿ ನೋಡುತ್ತಾ ಕೂಗಿದಳು.

ಡೊನ್‌ಬೋರ್ ಎದ್ದು ನಿಂತ. ಜನ ಕೇಕೆ ಹಾಕಿದರು. ಅವನು ಹಲ್ಲು ಕಿರಿದು, ಕೂತು, ಬಾರಿಸಿದ.