ತಪ್ಪಿಸ್ಕೊಂಡೋರ ಮನಿ

ಕಾನಹೊಸಹಳ್ಳಿಯಿಂದ ಮೂರು ಮೈಲಿ ಒಳಗಿರುವ ಆ ಊರಿನಲ್ಲಿ ಅಂಜಿನಕ್ಕ ಅಂತ ಇಬ್ಬರಿದ್ದರು. ಒಬ್ಬಾಕೆ ಬಾವಿ ಕಡೆಯ ಅಂಜಿನಕ್ಕ. ಇನ್ನೊಬ್ಬಾಕೆ ನಮ್ಮ ಕಥೆಯ ಅಂಜಿನಕ್ಕ. ವಯಸ್ಸು ಎಂಬತ್ತಮೂರು, ಕಣ್ಣು ಮಂದ, ನಾಲಿಗೆ ಮಾತ್ರ ಇನ್ನೂ ಚುರುಕು. ಗ್ಯಾಸ್ ಸಿಲಿಂಡರ್ ತಂದವನಿಗೆ, ಪೋಸ್ಟಿನವನಿಗೆ ಈಕೆಯ ಗುರುತು ಹೇಳುವುದು ಹೇಗೆ? ಊರಿನವರು ಸುಲಭದ ದಾರಿ ಕಂಡುಕೊಂಡಿದ್ದರು.

“ಬಾವಿ ಕಡಿಯಾಕಿ ಅಲ್ಲಂದ್ರ ಹುಣಸಿಮರದ ಬಾಜೂಕ ಹೋಗ್ರಿ. ತಪ್ಪಿಸ್ಕೊಂಡೋರ ಮನಿ ಅದು.”

ಹೇಳುವವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಯಾವ ಊರಿನಲ್ಲಿ ಮನೆಗೊಂದು ಅಡ್ಡಹೆಸರಿಲ್ಲ ಹೇಳಿ? ಕುದುರೆಯೋರ ಮನೆ ಎನ್ನುತ್ತೇವೆ, ಅಲ್ಲಿ ಕತ್ತೆಯೂ ಇರುವುದಿಲ್ಲ. ಆದರೆ ಈ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅಂಜಿನಕ್ಕನ ಮುಖ ಸಣ್ಣದಾಗುತ್ತಿತ್ತು. ತಪ್ಪಿಸಿಕೊಂಡವನು ಬೇರೆ ಯಾರೂ ಅಲ್ಲ, ಆಕೆಯ ಅಪ್ಪ ಬೊಮ್ಮಪ್ಪ.

ಬೊಮ್ಮಪ್ಪ ಒಬ್ಬ ಮೇಸ್ತ್ರಿಯ ಜೊತೆ ಮುಂಬಯಿಗೆ ಹೋಗಿ, ಹಡಗಿನಲ್ಲಿ ಕಲ್ಲಿದ್ದಲು ಒಲೆಗೆ ಎತ್ತಿ ಹಾಕುವ ಕೆಲಸಕ್ಕೆ ಸೇರಿದ್ದ. ಒಂದು ಸಲ ಊರಿಗೆ ಬಂದು ಹೋಗಿದ್ದ. ಎರಡನೇ ಸಲ ಹೊರಟಾಗ ಹೆಂಡತಿ ಎರ್ರಮ್ಮ ಬಸುರಿ. ಕೂಸಿಗೆ ಹೆಸರಿಡುವ ಹೊತ್ತಿಗೆ ಬರ್ತೀನಿ ಅಂದವನು ಬರಲಿಲ್ಲ. ಅವನ ಬದಲು ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ ಬಂತು. ಆಗ ಊರಿನಲ್ಲಿ ಇಂಗ್ಲಿಷು ಬರುತ್ತಿದ್ದವರು ಶಾನುಭೋಗರೊಬ್ಬರೇ. ಅವರು ಕಟ್ಟೆಯ ಮೇಲೆ ಕೂತು ಕಾಗದ ಓದಿ, “ಬೊಮ್ಮಪ್ಪ ತಪ್ಪಿಸ್ಕೊಂಡಾನ” ಅಂದರು. ಕಾಗದ ಮಡಚಿ ಎರ್ರಮ್ಮನ ಕೈಗೆ ಕೊಟ್ಟರು. ಕಟ್ಟೆಯ ಸುತ್ತ ನಿಂತವರು ಸಂಜೆಯೊಳಗೆ ಅದನ್ನು ಓಡಿಹೋದ ಕಥೆ ಮಾಡಿದರು. ಮರುವಾರ ಅವನಿಗೆ ಮುಂಬಯಿಯಲ್ಲಿ ಇನ್ನೊಬ್ಬ ಹೆಂಡತಿಯನ್ನೂ ಕಟ್ಟಿದರು. ಮಾತಿಗೇನು ತೆರಿಗೆ ಇದೆಯೇ.

ಅಂಜಿನಕ್ಕ ಇದೇ ಮಾತು ಕೇಳುತ್ತ ಬೆಳೆದಳು. ನೋಡಲು ಬಂದ ಮೊದಲ ಗಂಡಿನವರು “ಅಪ್ಪ ಎಲ್ಲಿ?” ಅಂದು ಎದ್ದು ಹೋದರು. ಆಮೇಲೆ ಮನೆಯಳಿಯನಾಗಿ ಬಂದವನೊಬ್ಬ ಆಕೆಯ ಕೈ ಹಿಡಿದ. ಅವನು ಒಳ್ಳೆಯವನು. ಆದರೆ ಮನೆಯ ಹೆಸರು ಹೋಗಲಿಲ್ಲ.

ಮೊನ್ನೆ ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಗಂಗಾಂಬಿಕಾ ಕೈಯಲ್ಲಿ ಕರಪತ್ರಗಳನ್ನು ಹಿಡಿದು ಅಂಜಿನಕ್ಕನ ಮನೆಗೆ ಬಂದಳು. ಮಗ ಮಾರೇಶ್ ಆಗಷ್ಟೇ ಲಾರಿ ನಿಲ್ಲಿಸಿ ಮುಖ ತೊಳೆಯುತ್ತಿದ್ದ. ಮಂಗಳೂರು ಬಂದರಿಗೆ ಇಪ್ಪತ್ತು ವರ್ಷ ಸರಕು ಹೊಡೆದ ಡ್ರೈವರ್ ಅವನು.

“ಬಾರವ್ವ, ಕುಂದ್ರು” ಅಂದಳು ಅಂಜಿನಕ್ಕ. “ಈ ಸಲ ಏನು ತಂದೀ? ಸೊಳ್ಳಿದಾ, ಓಟಿಂದಾ?”

“ಹಡಗಿಂದು ಅಜ್ಜಿ” ಅಂದಳು ಗಂಗಾಂಬಿಕಾ.

ಮಾರೇಶ್ ನಕ್ಕುಬಿಟ್ಟ. “ಮೇಡಂ, ನಮ್ಮೂರ ಕೆರ್ಯಾಗ ಎಮ್ಮಿ ಮುಳುಗೋವಷ್ಟು ನೀರಿಲ್ಲ. ಹಡಗು ಎಲ್ಲಿಂದ ತರ್ತೀರಿ?”

“ಹಡಗು ಇಲ್ಲಿಗೆ ಬರಲಿಲ್ಲ ಮಾರೇಶಣ್ಣ. ಇಲ್ಲಿಯೋರು ಹಡಗಿಗೆ ಹೋಗಿದ್ರು.” ಗಂಗಾಂಬಿಕಾ ಕರಪತ್ರ ಬಿಡಿಸಿದಳು. “ಎರಡನೇ ಮಹಾಯುದ್ಧದಾಗ ಸರಕಿನ ಹಡಗಿನ ಮ್ಯಾಲೆ ದುಡೀತಿದ್ದ ನಮ್ಮ ದೇಶದ ಮಂದಿ ಸಾವಿರಗಟ್ಟಲೆ ಸತ್ತಾರ. ಈಗ ರಿಟೈರಾದ ಕೆಲವು ನಾವಿಕರು ಸೇರಿ ನಮ್ಮ ಭಾಗದೋರ ಹೆಸರು ಹುಡುಕಾಕತ್ತ್ಯಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಾ ಕಡೆ ಕೇಳಾಕತ್ತ್ಯಾರ. ಏಪ್ರಿಲ್ ಐದು ರಾಷ್ಟ್ರೀಯ ಸಾಗರ ದಿನ. ಅವತ್ತು ಕೂಡ್ಲಿಗ್ಯಾಗ ಹೆಸರು ಓದ್ತಾರ.”

ಮಾರೇಶ್ ಟವೆಲ್ಲು ಹೆಗಲಿಗೆ ಹಾಕಿಕೊಂಡ. “ಯುದ್ಧ ಮಾಡಿದೋರು ಮಿಲಿಟ್ರಿಯೋರು. ಅವ್ರನ್ನ ನೆನೀಬೇಕು, ಖರೇ. ಹಡಗಿನ ಕೂಲಿಯೋರಿಗೆ ಎಂಥ ಸ್ಮರಣೆ?”

ಗಂಗಾಂಬಿಕಾ ಕೇಳಿದಳು, “ನೀನು ಏನು ಒಯ್ತೀ ಲಾರ‍್ಯಾಗ?”

“ಅದಿರು ಒಯ್ದೀನಿ, ಮೆಕ್ಕಿಜೋಳ ಒಯ್ದೀನಿ.”

“ರಸ್ತಿ ತುಂಬ ಬಾಂಬು ಬೀಳಾಕತ್ತಿದ್ರೂ, ಮುಂದಿನ ಊರಿಗೆ ಜೋಳ ಮುಟ್ಟಿಸಲೇಬೇಕು ಹೋಗು ಅಂದ್ರ? ನಿನ್ನ ಕೈಯಾಗ ಒಂದು ಬಡಿಗಿನೂ ಇಲ್ಲ ಅಂದ್ರ?”

ಮಾರೇಶ್ ಹೊರಗೆ ನಿಂತ ತನ್ನ ಲಾರಿಯ ಕಡೆ ನೋಡಿದ. ರಸ್ತೆಯ ಮಾತು ಡ್ರೈವರಿಗೆ ಬೇಗ ತಾಗುತ್ತದೆ.

“ಹಂಗ ಹೋದೋರು ಅವ್ರು” ಅಂದಳು ಗಂಗಾಂಬಿಕಾ. “ಗೋಧಿ, ಔಷಧಿ, ಎಣ್ಣಿ, ಕಲ್ಲಿದ್ದಲು ಒಯ್ತಿದ್ರು. ವೈರಿಗಳು ನೀರಿನ ಒಳಗಿಂದ ಹಡಗು ಒಡೀತಿದ್ರು. ಕಲ್ಲಿದ್ದಲು ಹಾಕೋರು ತಳದಾಗ ಇರೋರು. ನೀರು ನುಗ್ಗಿದ್ರ ಮ್ಯಾಲೆ ಬರೋದು ಕಷ್ಟ.” ಆಮೇಲೆ ಅವಳು ಅಂಜಿನಕ್ಕನ ಕಡೆ ತಿರುಗಿದಳು. “ಅಜ್ಜಿ, ಪಟ್ಟ್ಯಾಗ ಬೊಮ್ಮಪ್ಪ ಅಂತ ಒಂದು ಹೆಸರೈತಿ. ಕೂಡ್ಲಿಗಿ ತಾಲೂಕು ಅಂತೈತಿ, ಊರಿನ ಹೆಸರಿಲ್ಲ. ನಿಮ್ಮಪ್ಪನ ಹೆಸರೂ ಅದೇ ಅಲ್ಲೇನು?”

ಅಂಜಿನಕ್ಕ ಎಲೆ ಅಡಿಕೆಯ ಚೀಲದ ಬಾಯಿ ಬಿಗಿದಳು.

“ಅವ ಬ್ಯಾರೆ ಬೊಮ್ಮಪ್ಪ ಇರಬೇಕು. ನಮ್ಮಪ್ಪ ಸತ್ತೋನಲ್ಲವ್ವ, ತಪ್ಪಿಸ್ಕೊಂಡೋನು. ಸತ್ತೋರ ಜೊತಿಗೆ ಅವನ ಹೆಸರು ಓದಿದ್ರ ಸತ್ತೋರಿಗೆ ಅವಮಾನ.”

“ಹಂಗಂತ ಯಾರು ಹೇಳಿದ್ರು?”

“ಕಾಗದ ಬಂದಿತ್ತು.”

“ಆ ಕಾಗದ ಈಗ ಐತೇನು ಅಜ್ಜಿ?”

ಕಾಗದ ಇತ್ತು. ಹೊಲದ ಪಹಣಿ, ಹಳೆಯ ಪಟ್ಟಾ ಇಟ್ಟ ಚೀಲದ ತಳದಲ್ಲಿ ಇತ್ತು. ಅವ್ವ ಸಾಯುವ ಮುಂಚೆ “ಇದನ್ನ ಒಗೀಬ್ಯಾಡ” ಅಂದಿದ್ದಳು, ಅದಕ್ಕೆ ಒಗೆದಿರಲಿಲ್ಲ. ಆದರೆ ಒಬ್ಬರಿಗೂ ತೋರಿಸಿರಲಿಲ್ಲ, ಹೆತ್ತ ಮಗನಿಗೂ. ಒಮ್ಮೆ ಓದಿಸಿದ ಕಾಗದ ಮತ್ತೆ ಯಾಕೆ ಓದಿಸಬೇಕು? ಅದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದಕ್ಕೇ? ಅಷ್ಟು ಗಟ್ಟಿ ಎದೆ ಆಕೆಗಿರಲಿಲ್ಲ.

“ನಾಳೆ ಸಂಜಿಯೊಳಗ ಪಟ್ಟಿ ಕೂಡ್ಲಿಗಿಗೆ ಹೋಗಬೇಕು” ಅಂದಳು ಗಂಗಾಂಬಿಕಾ. “ಆಮ್ಯಾಲೆ ಸೇರಿಸಾಕ ಆಗೋದಿಲ್ಲ. ಊರು ಗೊತ್ತಿಲ್ಲದ ಹೆಸರು ಊರಿಲ್ಲದ ಹಂಗ ಉಳೀತೈತಿ.”

“ಕೊಟ್ರ ಏನಾರ ಪಿಂಚಣಿ ಬರ್ತೈತೇನು?” ಅಂದ ಮಾರೇಶ್.

“ಏನೂ ಬರೋದಿಲ್ಲಣ್ಣ. ಸುಳ್ಳು ಹೇಳಿ ಬರೆಸ್ಕೊಳ್ಳಾಕ ನಾನು ಬಂದಿಲ್ಲ. ಹೆಸರು ಉಳೀತೈತಿ, ಅಷ್ಟ.”

“ಬ್ಯಾಡ ಅಂದ್ರ ಬ್ಯಾಡ” ಅಂದಳು ಅಂಜಿನಕ್ಕ. ಗಂಗಾಂಬಿಕಾ ಜಗ್ಗಾಡಲಿಲ್ಲ. ಕರಪತ್ರ ಇಟ್ಟು, ಚಹಾ ಕುಡಿದು ಹೋದಳು.

ಅವತ್ತು ಮಧ್ಯಾಹ್ನ ಅಂಜಿನಕ್ಕನಿಗೆ ಊಟ ಸೇರಲಿಲ್ಲ. ಹದಿನಾರು ವರ್ಷದವಳಿದ್ದಾಗ ತಾನು ಆಡಿದ ಒಂದು ಮಾತು ನೆನಪಾಗಿ ಕಾಡತೊಡಗಿತು. ಗಂಡಿನವರು ಎದ್ದು ಹೋದ ದಿನ ಅದು. ಅವ್ವ ಎಂದಿನಂತೆ ಕನ್ನಡಿ ಮುಂದೆ ಕುಂಕುಮ ಹಚ್ಚಿಕೊಳ್ಳುತ್ತಿದ್ದಳು. “ಓಡಿಹೋದೋನ ಹೆಸರಿನಾಗ ಕುಂಕುಮ ಹಚ್ಚಿಕೊಳ್ಳಾಕ ನಾಚಿಕಿ ಆಗೋದಿಲ್ಲೇನು?” ಅಂದುಬಿಟ್ಟಿದ್ದಳು ಅಂಜಿನಕ್ಕ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. “ಅವ್ರು ಓಡಿಹೋಗೋರಲ್ಲ. ಬರೋದಾಗಿಲ್ಲ, ಅದಕ್ಕ ಬಂದಿಲ್ಲ” ಅಂದಳು. ಸಾಯುವವರೆಗೂ ಅದೊಂದೇ ಮಾತು. ಮಗಳು ಒಂದು ದಿನವೂ ನಂಬಲಿಲ್ಲ.

ಅವ್ವನ ಮಾತೇ ನಿಜವಾಗಿದ್ದರೆ? ಈ ಯೋಚನೆ ಬಂದಿದ್ದೇ ತಡ, ಅಂಜಿನಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪ ಎಂಥವನೋ ಆಗಿರಲಿ, ಅವ್ವನಿಗೆ ತಾನು ಅನ್ಯಾಯ ಮಾಡಿದೆನೋ ಇಲ್ಲವೋ ಎಂಬುದು ಆ ಕಾಗದದಲ್ಲಿತ್ತು.

“ಲೇ ಮಾರೇಶಾ, ಪಹಣಿ ಚೀಲ ತಗೊಂಡು ಬಾ” ಅಂದಳು. “ಲೈಬ್ರರಿಗೆ ನಡಿ.”

ಮಾರೇಶ್ ಕಾಗದ ನೋಡಿ ದಂಗಾದ. “ಯವ್ವ, ಇದನ್ನ ಇಷ್ಟು ದಿನ ಇಟ್ಕೊಂಡು ಕುಂತಿದ್ದೇನು?”

“ಮಾತು ಸಾಕು, ಗಾಡಿ ತೆಗಿ.”

ಗ್ರಂಥಾಲಯದಲ್ಲಿ ಗಂಗಾಂಬಿಕಾ ಕಾಗದವನ್ನು ಮೇಜಿನ ಮೇಲೆ ಮೆಲ್ಲಗೆ ಬಿಡಿಸಿದಳು. ಮಡಿಕೆಗಳಲ್ಲಿ ಅದು ಹರಿದಿತ್ತು, ಅಕ್ಷರ ಮಾತ್ರ ಚೆನ್ನಾಗಿತ್ತು. ಅವಳು ಮೊದಲು ಮನಸ್ಸಿನಲ್ಲೇ ಪೂರ್ತಿ ಓದಿ, ಆಮೇಲೆ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು.

“ಇದು ಹಡಗಿನ ಕಂಪನಿಯಿಂದ ಬಂದಿದ್ದು. ‘ನಮ್ಮ ಹಡಗನ್ನು ವೈರಿಗಳು ಸಮುದ್ರದಲ್ಲಿ ಮುಳುಗಿಸಿದ್ದಾರೆ. ಬದುಕಿದವರನ್ನು ಇನ್ನೊಂದು ಹಡಗು ಎತ್ತಿಕೊಂಡಿದೆ. ಅವರಲ್ಲಿ ಬೊಮ್ಮಪ್ಪ ಇಲ್ಲ. ಆತ ಮಿಸ್ಸಿಂಗ್. ಪ್ರಾಣ ಕಳೆದುಕೊಂಡಿರಬೇಕೆಂದು ತಿಳಿಸಲು ವಿಷಾದಿಸುತ್ತೇವೆ.’ ಹಿಂಗ ಬರ್ದಾರ ಅಜ್ಜಿ. ಹಡಗಿನ ಹೆಸರೂ ನಮ್ಮ ಪಟ್ಟ್ಯಾಗ ಇರೋದೂ ಒಂದೇ.”

“ತಪ್ಪಿಸ್ಕೊಂಡಾನ ಅಂತ ಎಲ್ಲೈತಿ?” ಅಂದಳು ಅಂಜಿನಕ್ಕ.

ಗಂಗಾಂಬಿಕಾ ಆ ಇಂಗ್ಲಿಷ್ ಪದದ ಮೇಲೆ ಬೆರಳಿಟ್ಟಳು. “ಇಲ್ಲೈತಿ. ಮಿಸ್ಸಿಂಗ್. ಎಲ್ಲಿ ಅದಾನೋ ಸಿಕ್ಕಿಲ್ಲ ಅಂತ ಅರ್ಥ.” ಹೇಳುತ್ತಿದ್ದ ಹಾಗೆ ಅವಳಿಗೇ ಏನೋ ಹೊಳೆದು ತಡೆದಳು. “ಅಜ್ಜಿ, ಸಂತ್ಯಾಗ ಕೂಸು ತಾಯಿ ಕೈ ಬಿಟ್ಟು ಎಲ್ಲೋ ಹೋದ್ರ ನಾವೇನಂತೀವಿ?”

“ಕೂಸು ತಪ್ಪಿಸ್ಕೊಂತು ಅಂತೀವಿ.”

“ಅದು ಓಡಿಹೋತು ಅಂತಾನಾ ಅರ್ಥ?”

ಶಾನುಭೋಗರು ಸುಳ್ಳು ಹೇಳಿರಲಿಲ್ಲ. ಕೂಸು ತಪ್ಪಿಸಿಕೊಂಡಿತು ಅನ್ನುವ ಅರ್ಥದಲ್ಲಿ ಹೇಳಿದ್ದರು. ಕಟ್ಟೆಯ ಸುತ್ತ ನಿಂತವರು ಕಳ್ಳ ತಪ್ಪಿಸಿಕೊಂಡ ಅನ್ನುವ ಅರ್ಥದಲ್ಲಿ ಕೇಳಿಸಿಕೊಂಡಿದ್ದರು. ಉಳಿದ ಸಾಲನ್ನು, ಸತ್ತಿರಬೇಕು ಅನ್ನುವ ಸಾಲನ್ನು, ಎಳೆಗೂಸಿನ ತಾಯಿಯ ಮುಂದೆ ಓದಲು ಶಾನುಭೋಗರಿಗೆ ಬಾಯಿ ಬರಲಿಲ್ಲವೋ ಏನೋ. ಅದು ಈಗ ಯಾರಿಗೂ ಗೊತ್ತಾಗುವುದಿಲ್ಲ. ಹಾಗಿದ್ದರೆ ಅವರ ಒಳ್ಳೆಯತನವೇ ಈ ಮನೆಗೆ ಮುಳುವಾಯಿತು.

“ನಮ್ಮವ್ವ ಖರೇನ ಹೇಳಿದ್ಲು” ಅಂದಳು ಅಂಜಿನಕ್ಕ. ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಮಾರೇಶ್ ಅವ್ವನ ಬೆನ್ನ ಮೇಲೆ ಕೈಯಿಟ್ಟು ನಿಂತ. ಸ್ವಲ್ಪ ಹೊತ್ತಿನ ಮೇಲೆ ಅವನೇ, “ಮೇಡಂ, ಊರಿನ ಹೆಸರು ಬರ್ಕೋರಿ. ಮೊಮ್ಮಗ ಮಾರೇಶ್, ಲಾರಿ ಡ್ರೈವರ್ ಅಂತಾನೂ ಬರ್ಕೋರಿ” ಅಂದ. ಬೆಳಿಗ್ಗೆ ನಕ್ಕಿದ್ದ ಮನುಷ್ಯನೇ ಇವನು.

ಏಪ್ರಿಲ್ ಐದರಂದು ಕೂಡ್ಲಿಗಿಯ ಸಭಾಭವನದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಹಡಗಿನಲ್ಲಿ ಎಂಜಿನಿಯರ್ ಆಗಿ ರಿಟೈರಾದ ನಾಗೇಂದ್ರಪ್ಪನವರು ಹೆಸರು, ಊರು, ಮಾಡುತ್ತಿದ್ದ ಕೆಲಸ ಓದುತ್ತ ಹೋದರು. ಒಂದೊಂದು ಹೆಸರಿಗೂ ಆ ಮನೆಯವರು ಎದ್ದು ಬಂದು ದೀಪ ಹಚ್ಚಿದರು. ಬೊಮ್ಮಪ್ಪನ ಹೆಸರು ಬಂದಾಗ ಅಂಜಿನಕ್ಕ ಮಗನ ತೋಳು ಹಿಡಿದು ಮುಂದೆ ಹೋದಳು, ದೀಪ ಹಚ್ಚಿದಳು. ಹಚ್ಚಿದವಳು ವಾಪಸ್ ಬರಲೊಲ್ಲಳು.

“ಇನ್ನೊಂದು ಹೆಸರೈತ್ರಿ” ಅಂದಳು.

ನಾಗೇಂದ್ರಪ್ಪನವರು ಪಟ್ಟಿ ನೋಡಿದರು. “ನಿಮ್ಮ ಮನ್ಯಾಗ ಇನ್ನೊಬ್ರು ಹಡಗಿಗೆ ಹೋಗಿದ್ರೇನವ್ವ?”

“ಹೋಗಿಲ್ರಿ. ಹೋದೋರ ದಾರಿ ನೋಡಿದಾಕಿ. ಊರೆಲ್ಲ ನಕ್ರೂ, ಹೆತ್ತ ಮಗಳು ನಾನೂ ಹಂಗಿಸಿದ್ರೂ, ಗಂಡನ ಮ್ಯಾಲಿನ ನಂಬಿಕಿ ಬಿಡಲಿಲ್ಲ. ನಿಮ್ಮ ಯುದ್ಧ ಮುಗೀತು, ಆಕಿದು ಮುಗೀಲಿಲ್ಲ. ಎರ್ರಮ್ಮ ಅಂತ ಬರ್ಕೋರಿ.”

ನಾಗೇಂದ್ರಪ್ಪನವರು ಜೇಬಿನಿಂದ ಪೆನ್ನು ತೆಗೆದು, ಬೊಮ್ಮಪ್ಪನ ಹೆಸರಿನ ಪಕ್ಕದಲ್ಲೇ ಬರೆದರು. ಬರೆದದ್ದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದರು. “ಎರ್ರಮ್ಮ, ಬೊಮ್ಮಪ್ಪನ ಹೆಂಡತಿ, ಅದೇ ಊರು.”

ಹಿಂದಿನ ಸಾಲಿನಲ್ಲಿ ಹರಪನಹಳ್ಳಿ ಕಡೆಯ ಹಲವಾಗಲಿನಿಂದ ಬಂದಿದ್ದ ಸೋಮಪ್ಪ ಎಂಬವನು ಎದ್ದು ನಿಂತ. “ನಮ್ಮ ಮುತ್ತಜ್ಜಿದೂ ಒಂದು ಬರ್ಕೊಳ್ರಿ ಸರ್” ಅಂದ. ಅವನ ಹಿಂದೆ ಇನ್ನಿಬ್ಬರು ಎದ್ದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನೀವೆಲ್ಲ ಸಮುದ್ರ ಕಂಡಿರಲಿಕ್ಕಿಲ್ಲ. ಆದರೂ ನಿಮ್ಮ ಮನೆಯಿಂದ ಒಬ್ಬರು ಅದರ ಮೇಲೆ ಹೋಗಿರಬಹುದು. “ಮುಂಬಯಿಗೆ ಹೋದೋರು ಬರಲೇ ಇಲ್ಲ” ಎಂದು ಮನೆಯ ಹಿರಿಯರು ಯಾರ ಬಗ್ಗೆಯಾದರೂ ಹೇಳುತ್ತಾರೆಯೇ? ಈ ಭಾನುವಾರ ಅವರ ಪಕ್ಕ ಕೂತು ಕೇಳಿ. ಹೊಲದ ಕಾಗದಗಳ ನಡುವೆ, ದೇವರ ಪಟದ ಹಿಂದೆ ಹಳೆಯ ಇಂಗ್ಲಿಷ್ ಪತ್ರ ಇದ್ದರೆ ಒಲೆಗೆ ಹಾಕಬೇಡಿ, ಹಿಂದೆ ಯಾರೋ ಓದಿದ್ದಾರೆ ಎಂದು ಸುಮ್ಮನಿರಬೇಡಿ. ಗ್ರಂಥಾಲಯಕ್ಕೋ, ಶಾಲೆಯ ಮೇಷ್ಟ್ರ ಹತ್ತಿರವೋ ಒಯ್ದು ಕೊನೆಯ ಸಾಲಿನ ತನಕ ಓದಿಸಿ. ಹೋದವರ ಹೆಸರು, ಊರು, ಹೋದ ವರ್ಷ, ಗೊತ್ತಿದ್ದರೆ ಹಡಗಿನ ಹೆಸರು ಬರೆಸಿ. ಬರೆಸುವಾಗ ಅವರಿಗಾಗಿ ಕಾದ ಹೆಣ್ಣುಮಗಳು ಯಾರೆಂದು ಕೇಳಿ ತಿಳಿದು, ಆಕೆಯ ಹೆಸರನ್ನೂ ಬರೆಸಿಯೇ ಎದ್ದು ಬನ್ನಿ.